ಪಾದ ನೋಡುವ ಹೊತ್ತು

ಒಬ್ಬ ಗಂಡಸು ಕಿಟಕಿಯ ಪಕ್ಕ ನೆಲಕ್ಕೆ ಮೊಣಕಾಲೂರಿ ಕುಳಿತಿದ್ದಾನೆ. ಕುರ್ಚಿಯಲ್ಲಿ ಕೂತ ಹೆಂಡತಿಯ ಪಾದ ಅವನ ಎರಡೂ ಅಂಗೈಗಳ ಮೇಲಿದೆ. ಇಳಿಬಿಸಿಲಿನ ಕಡೆಗೆ ಅಂಗಾಲನ್ನು ಮೆಲ್ಲಗೆ ತಿರುಗಿಸಿ, ತಲೆಯನ್ನು ಸ್ವಲ್ಪ ಓರೆ ಮಾಡಿ ನೋಡುತ್ತಿದ್ದಾನೆ. ಅವರ ಊರಿನ ಆಸ್ಪತ್ರೆಯಲ್ಲಿ ನಾನು ವೈದ್ಯೆಯಾಗಿದ್ದು ನನ್ನ ವೃತ್ತಿಯ ಮೊದಲ ವರ್ಷಗಳಲ್ಲಿ. ಅಲ್ಲಿ ಕಂಡ ಮುಖಗಳಲ್ಲಿ ಹೆಚ್ಚಿನವು ಮಸುಕಾಗಿ ಹೋಗಿವೆ. ಈ ಚಿತ್ರ ಮಾತ್ರ ನಿನ್ನೆ ಕಂಡದ್ದರ ಹಾಗೆ ಉಳಿದಿದೆ.

ಗಂಡನ ಹೆಸರು ಮೌನೇಶಾಚಾರ್. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವರ ಕಸುಬು. ಊರಿನ ಪೇಟೆಬೀದಿಯಲ್ಲಿ ಈ ತುದಿಯಿಂದ ಆ ತುದಿಗೆ ನಡೆದರೆ ಬಟ್ಟೆ ಅಂಗಡಿ, ಸೈಕಲ್ ಶಾಪು, ಗಿರಣಿ, ಔಷಧಿ ಅಂಗಡಿ ಎಲ್ಲದರ ನೆತ್ತಿಯ ಮೇಲೂ ಅವರ ಕೈಬರಹವೇ. 'ಶ್ರೀ'ಯ ದೀರ್ಘವನ್ನು ಅವರು ಎಳೆಯುತ್ತಿದ್ದ ರೀತಿ ಬೇರೆ ಯಾರಿಗೂ ಬರುತ್ತಿರಲಿಲ್ಲ ಎನ್ನುತ್ತಿದ್ದರು. ಹೆಂಡತಿ ಪುಟ್ಟಗೌರಮ್ಮ ಮನೆಯ ಮುಂದಿನ ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದರು. ಮಕ್ಕಳಿರಲಿಲ್ಲ. ಅದರ ಬಗ್ಗೆ ಅವರು ಕೊರಗಿದ್ದನ್ನು ನಾನು ಕೇಳಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೂ ಆ ಪಡಸಾಲೆಯಲ್ಲಿ ಊರಿನ ಹೆಂಗಸರು ತುಂಬಿರುತ್ತಿದ್ದರು.

ಗೌರಮ್ಮ ನನ್ನ ಬಳಿ ಬಂದದ್ದು ತಮ್ಮ ಇಷ್ಟದಿಂದಲ್ಲ. ಅಳತೆ ಕೊಡಲು ಬಂದಿದ್ದ ಗಿರಾಕಿಯೊಬ್ಬಳು ಯಂತ್ರದ ಕಾಲುಹಲಗೆಯ ಮೇಲೆ ರಕ್ತ ಕಂಡು ಕೂಗಿಕೊಂಡಿದ್ದಳಂತೆ. ಅವಳೇ ಕೈಹಿಡಿದು ಆಸ್ಪತ್ರೆಗೆ ಎಳೆದು ತಂದಿದ್ದಳು.

"ಏನೂ ಇಲ್ಲ ಡಾಕ್ಟ್ರಮ್ಮ, ಆಣಿ ಕಣ್ರೀ. ಎಲ್ಲಾರ್ಗೂ ಇರುತ್ತೆ. ಇವಳು ಸುಮ್ಮನೆ ಗಾಬರಿ ಬಿದ್ಲು," ಎಂದು ನಗುತ್ತಲೇ ಕಾಲು ಚಾಚಿದರು.

ಎಡ ಅಂಗಾಲಿನಲ್ಲಿ, ಎರಡನೇ ಬೆರಳಿನ ಬುಡದ ಕೆಳಗೆ ಚರ್ಮ ಕಾಸಿನಷ್ಟು ಅಗಲಕ್ಕೆ ಗಟ್ಟಿಯಾಗಿ ಹಳದಿಗಟ್ಟಿತ್ತು. ನಡುವೆ ಒಂದು ಕಪ್ಪು ಚುಕ್ಕೆ. ವರ್ಷಗಟ್ಟಲೆ ಹಲಗೆ ತುಳಿದು ತುಳಿದು ಅದೇ ಜಾಗಕ್ಕೆ ಒತ್ತಡ ಬಿದ್ದಿತ್ತು. ನಾನು ಬ್ಲೇಡಿನಿಂದ ಆ ಗಟ್ಟಿ ಚರ್ಮವನ್ನು ಪದರ ಪದರವಾಗಿ ಹೆರೆಯುತ್ತಾ ಹೋದೆ. ಅಡಿಯಲ್ಲಿ ಹುಣ್ಣು ಇತ್ತು. ಹೊರಗೆ ಸಣ್ಣ ಬಾಯಿ, ಒಳಗೆ ಹೊಂಡ. ರಕ್ತ ಒಸರಿ ತಟ್ಟೆಗೆ ಬಿತ್ತು. ಅಷ್ಟು ಹೊತ್ತೂ ಗೌರಮ್ಮ ನನ್ನ ರವಿಕೆಯ ತೋಳಿನ ಹೊಲಿಗೆ ನೋಡುತ್ತಾ, "ಇದನ್ನ ಯಾರ ಹತ್ರ ಹೊಲಿಸಿದ್ರಿ? ಕಂಕುಳ ಹತ್ರ ಎಳೀತಿದೆ ನೋಡಿ," ಎನ್ನುತ್ತಿದ್ದರು.

"ನೋವಾಗ್ತಿಲ್ವಾ?"

"ಇಲ್ಲ. ನಿಮ್ಮ ಕೈ ಹಗುರ."

ನನ್ನ ಕೈ ಹಗುರವಾಗಿರಲಿಲ್ಲ. ಅವರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಪರೀಕ್ಷೆಗೆಂದೇ ಇಟ್ಟುಕೊಂಡಿದ್ದ ಗಟ್ಟಿ ನೈಲಾನ್ ಎಳೆಯೊಂದನ್ನು ಪಾದದ ಅಲ್ಲಲ್ಲಿ ಒತ್ತಿದೆ. ಮುಟ್ಟಿದ್ದು ಗೊತ್ತಾದಾಗಲೆಲ್ಲ ಹೇಳಬೇಕು ಎಂದಿದ್ದೆ. ಹೆಬ್ಬೆರಳು, ಬೆರಳುಗಳ ಬುಡ, ಪಾದದ ನಡು ಎಲ್ಲ ಮುಗಿಸಿದೆ. ಇನ್ನೊಂದು ಕಾಲನ್ನೂ ಮುಗಿಸಿದೆ. ಗೌರಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದರು. "ಇನ್ನೂ ಶುರು ಮಾಡಿಲ್ವಾ ಡಾಕ್ಟ್ರಮ್ಮ?"

ದಾದಿ ಸಲೋಮಿ ಕೈಯಲ್ಲಿದ್ದ ಹತ್ತಿಯನ್ನು ಹಾಗೇ ಹಿಡಿದು ನನ್ನ ಮುಖ ನೋಡಿದಳು.

ಸಕ್ಕರೆ ಕಾಯಿಲೆ ಬಂದು ಎಷ್ಟೋ ವರ್ಷವಾಗಿತ್ತು. ಮಾತ್ರೆ ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಕಾಯಿಲೆ ಕಾಲಿನ ನರಗಳನ್ನು ಸದ್ದಿಲ್ಲದೆ ಕೊಂದಿತ್ತು. ನೋವು ಇಲ್ಲದಿರುವುದು ಒಳ್ಳೆಯದಲ್ಲ, ಮನೆಯ ಕಾವಲುನಾಯಿ ಸತ್ತುಹೋದ ಹಾಗೆ ಎಂದು ವಿವರಿಸಿದೆ. ಪಾದದ ಮೇಲ್ಗಡೆ ನಾಡಿ ಚೆನ್ನಾಗಿ ಬಡಿಯುತ್ತಿತ್ತು, ರಕ್ತ ಸರಿಯಾಗಿ ಹರಿಯುತ್ತಿತ್ತು. ಮೊಂಡುತುದಿಯ ಕಡ್ಡಿಯಿಂದ ಹುಣ್ಣಿನ ತಳ ಮುಟ್ಟಿ ನೋಡಿದೆ, ಮೂಳೆ ತಾಕಲಿಲ್ಲ. ಹಾಗಾಗಿ ಈ ಗಾಯ ಮಾಯಬಲ್ಲದು ಎಂದು ಧೈರ್ಯವಾಗಿ ಹೇಳಬಹುದಿತ್ತು. ಒಂದೇ ಷರತ್ತು. ಅದರ ಮೇಲೆ ಭಾರ ಬೀಳಬಾರದು.

"ಅಂದ್ರೆ ಮಿಷಿನ್ನು?"

"ತುಳಿಯೋ ಹಾಗಿಲ್ಲ. ಕೈಹೊಲಿಗೆ ಮಾಡಿ, ಕಾಜಾ ಗುಂಡಿ ಕೂರಿಸಿ. ಹಲಗೆ ಮೇಲೆ ಕಾಲಿಡಬೇಡಿ."

ಗೌರಮ್ಮನ ನಗು ಆಗ ಮೊದಲ ಬಾರಿ ಸ್ವಲ್ಪ ಇಳಿಯಿತು.

ಮುಂದಿನ ಭೇಟಿಗೆ ಆಚಾರ್ರೂ ಬಂದರು. ಎತ್ತರದ ಆಳು, ಬಿಳಿ ಜುಬ್ಬಾ, ಉಗುರಿನ ಸಂದಿಯಲ್ಲಿ ಹಳೆಯ ಬಣ್ಣ. ಗಾಯ ಮಾಯುವಾಗ, ಮಾಯ್ದ ಮೇಲೂ, ದಿನವೂ ಎರಡೂ ಅಂಗಾಲು ನೋಡಬೇಕು ಎಂದು ನಾನು ಹೇಳಿದೆ. ಕೆಂಪಾಗಿದೆಯೇ, ಊದಿದೆಯೇ, ಬೊಬ್ಬೆ ಬಂದಿದೆಯೇ, ಬಿರುಕು ಬಿಟ್ಟಿದೆಯೇ. ಚಪ್ಪಲಿಯೊಳಗೆ ಸಿಕ್ಕ ಒಂದು ಸಣ್ಣ ಕಲ್ಲೂ ಅವರಿಗೆ ತಿಳಿಯದೆಯೇ ಗಾಯ ಮಾಡಬಲ್ಲದು ಎಂದೆ. ಗೌರಮ್ಮನಿಗೆ ಮಂಡಿನೋವು, ಕಾಲು ಮಡಿಸಿ ಅಂಗಾಲು ನೋಡಿಕೊಳ್ಳಲು ಆಗುತ್ತಿರಲಿಲ್ಲ. ನೆಲದ ಮೇಲೆ ಕನ್ನಡಿ ಇಟ್ಟುಕೊಂಡು ನೋಡಿ ಎಂದೆ.

"ಕನ್ನಡಿ ಯಾಕೆ ಡಾಕ್ಟ್ರಮ್ಮ, ನಾನಿಲ್ವಾ?" ಎಂದರು ಆಚಾರ್ರು. "ಕೂದಲೆಳೆಯಷ್ಟು ಗೆರೆ ಡೊಂಕಾದ್ರೂ ಬೀದಿಯ ಆ ಕಡೆಯಿಂದ ಕಂಡುಹಿಡೀತಿದ್ದೋನು. ಹೆಂಡ್ತಿ ಕಾಲು ನೋಡೋದೇನು ಮಹಾ?"

ಗೌರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಗಂಡನ ಮುಂದೆ ಸಂಕೋಚ ಇರಬಹುದೆಂದು ನಾನು ಅಂದುಕೊಂಡೆ.

ಗಾಯ ಮಾಯಿತು. ಹೆರೆದು, ತೊಳೆದು, ಕಟ್ಟು ಕಟ್ಟಿ, ಬೆರಳಿನ ಬುಡಕ್ಕೆ ಭಾರ ತಾಕದಂತೆ ದಪ್ಪ ಮೆತ್ತೆಯಲ್ಲಿ ಆ ಜಾಗಕ್ಕಷ್ಟೇ ರಂಧ್ರ ಕತ್ತರಿಸಿ ಕಾಲಿಗೆ ಕೊಟ್ಟೆವು. ಸಕ್ಕರೆ ಹತೋಟಿಗೆ ಬಂತು. ಹೊಂಡ ತಳದಿಂದ ತುಂಬಿಕೊಂಡು ಬರುವುದನ್ನು ನೋಡುವಾಗ ಸಲೋಮಿಗೂ ನನಗೂ ನಮ್ಮದೇ ಗಿಡ ಚಿಗುರಿದಷ್ಟು ಖುಷಿ. ಕೊನೆಗೆ ಅಲ್ಲಿ ತೆಳುವಾದ ಹೊಸ ಚರ್ಮ ಕೂಡಿಕೊಂಡಿತು. ಕಟ್ಟು ಬಿಚ್ಚಿದೆ. ಇನ್ನು ಆಗಾಗ ಬಂದು ತೋರಿಸಿದರೆ ಸಾಕು, ಆದರೆ ದಿನವೂ ಪಾದ ನೋಡುವುದು ತಪ್ಪಬಾರದು ಎಂದೆ.

ಒಂದು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಅವರ ಪಡಸಾಲೆಯ ಮುಂದೆ ನಿಂತೆ. ಆಗಲೇ ನಾನು ಆ ಚಿತ್ರವನ್ನು ಮೊದಲು ಕಂಡದ್ದು. ಆಚಾರ್ರು ಕೈಕಾಲು ತೊಳೆದು, ಹಣೆಗೆ ವಿಭೂತಿ ಇಟ್ಟುಕೊಂಡು, ಪೂಜೆಗೆ ಕೂತವರ ಹಾಗೆ ಕೂತಿದ್ದರು. ಮೊದಲು ಬಲಗಾಲು, ಆಮೇಲೆ ಎಡಗಾಲು. ಇಳಿಬಿಸಿಲು ಕಿಟಕಿಯ ಸರಳುಗಳ ನಡುವಿನಿಂದ ಬಂದು ಅಂಗಾಲಿನ ಮೇಲೆ ಪಟ್ಟೆಪಟ್ಟೆಯಾಗಿ ಬಿದ್ದಿತ್ತು.

"ಚೆನ್ನಾಗಿದೆ ಗೌರಿ. ಗುಲಾಬಿ ಬಣ್ಣ ಬಂದಿದೆ."

"ಹೂಂ," ಎಂದರು ಗೌರಮ್ಮ. ಅವರು ನೋಡುತ್ತಿದ್ದುದು ಪಾದವನ್ನಲ್ಲ, ಗಂಡನ ಬಗ್ಗಿದ ತಲೆಯನ್ನು.

ನನಗೆ ಆ ದಂಪತಿಗಳ ಬಗ್ಗೆ ಅಸೂಯೆಯಂಥದ್ದೇನೋ ಆಯಿತು. ಒಳಗೆ ಹೋಗದೆ ಹಾಗೇ ಹೊರಟುಬಿಟ್ಟೆ.

ಹಬ್ಬಗಳ ಕಾಲ ಬಂತು, ಅದರ ಹಿಂದೆಯೇ ಮದುವೆಗಳ ಕಾಲ. ಗೌರಮ್ಮ ಆಸ್ಪತ್ರೆಯ ಕಡೆ ಬಂದಿರಲಿಲ್ಲ. ಒಂದು ಬೆಳಿಗ್ಗೆ ಆಟೋದಲ್ಲಿ ಅವರನ್ನು ಕರೆತಂದರು. ಚಳಿ ಜ್ವರದಲ್ಲಿ ಹಲ್ಲು ಕಟಕಟ ಎನ್ನುತ್ತಿತ್ತು. ಎಡಪಾದ ಕಣಕಾಲಿನವರೆಗೂ ಊದಿ ಕೆಂಪಗೆ ಮಿರುಗುತ್ತಿತ್ತು, ಎರಡನೇ ಬೆರಳು ನೀಲಿಗಟ್ಟಿತ್ತು. ಅದರಲ್ಲಿದ್ದ ಬೆಳ್ಳಿಯ ಕಾಲುಂಗುರ ಮಾಂಸದೊಳಗೆ ಹೂತುಹೋಗಿತ್ತು. ಹಳೆಯ ಜಾಗದಲ್ಲೇ ಗಾಯ ಬಾಯಿ ತೆರೆದಿತ್ತು. ಬಾಗಿಲಿನ ಬಳಿಯೇ ವಾಸನೆ ಬಡಿಯಿತು.

ಕಡ್ಡಿಯನ್ನು ಒಳಗೆ ಬಿಟ್ಟೆ. ಈ ಸಲ ತುದಿ ಗಟ್ಟಿಯಾದುದಕ್ಕೆ ತಾಕಿ ಕಟಕ್ಕೆಂದಿತು. ಸೋಂಕು ಮೂಳೆಗೆ ಇಳಿದಿತ್ತು.

"ಇದು ಒಂದೆರಡು ದಿನದ್ದಲ್ಲ," ಎಂದೆ. ನನ್ನ ದನಿ ಏರಿತ್ತು. "ಮತ್ತೆ ಮಿಷಿನ್ ತುಳಿದಿದ್ದೀರಿ."

ಗೌರಮ್ಮ ಮುಖ ಆ ಕಡೆ ತಿರುಗಿಸಿದರು. "ಮದ್ವೆ ರವಿಕೆಗಳು. ಒಪ್ಕೊಂಡ್ಬಿಟ್ಟಿದ್ದೆ."

"ಆಚಾರ್ರೇ, ನೀವು ದಿನಾ ನೋಡ್ತಿರಲಿಲ್ವಾ?"

"ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟ್ರಮ್ಮ. ನಿನ್ನೆ ಸಂಜೇನೂ ನೋಡಿದೀನಿ. ಚೆನ್ನಾಗೇ ಇತ್ತು." ಅವರ ದನಿಯಲ್ಲಿ ಸುಳ್ಳಿನ ಸುಳಿವು ಇರಲಿಲ್ಲ. ಗಾಬರಿಯಷ್ಟೇ ಇತ್ತು.

ಎರಡು ಪಾದಗಳಿಗಿರುವ ವ್ಯತ್ಯಾಸವನ್ನು ಅವರಿಗೆ ತೋರಿಸಿಬಿಡಬೇಕು ಎನಿಸಿತು. ಮೊದಲು ಆರೋಗ್ಯವಾಗಿದ್ದ ಬಲಗಾಲನ್ನು ಎತ್ತಿ ಹಿಡಿದೆ. "ಇಲ್ಲಿ ಬನ್ನಿ. ಇದನ್ನ ನೋಡಿ."

ಆಚಾರ್ರು ಬಂದರು. ಅಭ್ಯಾಸದಂತೆ ನೆಲಕ್ಕೆ ಮೊಣಕಾಲೂರಿದರು. ನನ್ನ ಕೈಯಿಂದ ಪಾದವನ್ನು ತಮ್ಮ ಕೈಗೆ ತೆಗೆದುಕೊಂಡು, ವಾರ್ಡಿನ ಕಿಟಕಿಯ ಕಡೆಗೆ ತಿರುಗಿಸಿ, ತಲೆ ಓರೆ ಮಾಡಿ ಬಹಳ ಹೊತ್ತು ನೋಡಿದರು.

"ಹೌದು ಡಾಕ್ಟ್ರಮ್ಮ. ಕೆಂಪಾಗಿದೆ. ಗಾಯ ದೊಡ್ಡದಾಗಿದೆ," ಎಂದರು.

ಆ ಅಂಗಾಲಿನ ಮೇಲೆ ಒಂದು ಗೀರೂ ಇರಲಿಲ್ಲ.

ಸಲೋಮಿಯ ಕೈಯಲ್ಲಿದ್ದ ಬಟ್ಟಲು ಅರ್ಧದಲ್ಲೇ ನಿಂತಿತು. ಗಾಬರಿಯಲ್ಲಿ ಅವರು ಎಡ ಬಲ ಗಮನಿಸಿರಲಿಲ್ಲ, ನಾನು ಕೊಟ್ಟದ್ದನ್ನು ಹಿಡಿದಿದ್ದರು, ಅಷ್ಟೆ. ಅವರ ಕಣ್ಣಿಗೆ ಅದು ಪಾದದ ಆಕಾರದ ಒಂದು ಮಬ್ಬು. ಅಷ್ಟರಲ್ಲಿ ಗೌರಮ್ಮ ಜ್ವರದ ನಡುವೆಯೂ ಬಹಳ ಮೃದುವಾಗಿ ಹೇಳಿದರು.

"ರೀ, ಕಾಲು ಬಿಡಿ. ಅದು ಬಲಗಾಲು."

ಆಚಾರ್ರು ಪಾದವನ್ನು ಹಾಸಿಗೆಯ ಮೇಲೆ ಇಟ್ಟರು. ಎದ್ದರು. ಬಾಗಿಲ ಚೌಕಟ್ಟನ್ನು ಕೈಯಲ್ಲಿ ತಡವಿ ಹಿಡಿದುಕೊಂಡು ಹೊರಗೆ ಹೋದರು.

ನಾನು ಹಿಂದೆಯೇ ಹೊರಡಲಿದ್ದೆ. ಗೌರಮ್ಮ ನನ್ನ ಮಣಿಕಟ್ಟು ಹಿಡಿದರು.

"ಬೈಬೇಡಿ ಅವರನ್ನ. ನಂಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಅವರಿಗೆ ಕಾಣಲ್ಲ ಅಂತ. ಅಕ್ಷರ ಬರೆಯೋಕೆ ಕೂತು ಕೂತು ಎದ್ಬಿಡೋರು. ಬ್ರಷ್ ಸರಿ ಇಲ್ಲ ಅನ್ನೋರು, ಬಣ್ಣ ಸರಿ ಇಲ್ಲ ಅನ್ನೋರು. ಆಮೇಲೆ ಬೋರ್ಡ್ ಕೆಲಸಾನೇ ಒಪ್ಕೊಳ್ಳೋದು ಬಿಟ್ರು. ನನಗೆ ಅನುಮಾನ ಬಂದು ಒಂದಿನ ಬೇಕಂತಲೇ ಬಟ್ಟೆಗೆ ಗುರುತು ಹಾಕೋ ಚಾಕ್‌ಪೀಸಲ್ಲಿ, ಕಾಣದಿದ್ರೂ ಕೈ ಚಾಚಿ ಅಂಗಾಲಿಗೆ ನೀಲಿ ಗೆರೆ ಎಳ್ಕೊಂಡೆ, ಇಷ್ಟುದ್ದ. ಸಂಜೆ ನೋಡಿ, 'ಚೆನ್ನಾಗಿದೆ ಗೌರಿ' ಅಂದ್ರು."

"ಆಗಲೇ ಯಾಕೆ ಹೇಳ್ಲಿಲ್ಲ? ನನಗಾದ್ರೂ ಹೇಳಬಹುದಿತ್ತಲ್ಲ. ಕನ್ನಡಿ ಇಟ್ಕೋಬಹುದಿತ್ತು."

ಅವರು ನನ್ನ ಮಣಿಕಟ್ಟು ಬಿಟ್ಟರು. "ಇಡೀ ಊರಿಗೆ ಹೆಸರು ಬರೆದವರು ಡಾಕ್ಟ್ರಮ್ಮ. ದಿನವೆಲ್ಲ ಮೂಲೇಲಿ ಕೂತಿರ್ತಿದ್ರು, ಯಾರ ಜೊತೇನೂ ಮಾತಿಲ್ಲ. ಸಂಜೆ ಆಗ್ತಿದ್ದ ಹಾಗೆ ಎದ್ದು ಮುಖ ತೊಳ್ಕೊಂಡು, 'ಬಾ ಗೌರಿ, ಬೆಳಕು ಹೋಗುತ್ತೆ' ಅಂತ ಕರೆಯೋರು. ಅದೊಂದು ಹೊತ್ತಲ್ಲಿ ನಮ್ಮ ಹಳೇ ಆಚಾರ್ರು ಆಗೋರು. ಅಲ್ಲಿ ನಾನು ಕನ್ನಡಿ ತಂದಿಡ್ಲಾ?"

ವೈದ್ಯೆಯಾಗಿ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬಂದಿತ್ತು ಕೂಡ. ಆದರೆ ಆ ಸಿಟ್ಟನ್ನು ಎಲ್ಲಿ ಇಡಬೇಕೋ ಗೊತ್ತಾಗಲಿಲ್ಲ. ತನ್ನ ಕಾಲನ್ನು ಯಾರೂ ನೋಡುತ್ತಿಲ್ಲ ಎಂದು ತಿಳಿದೇ ಈ ಹೆಂಗಸು ಪ್ರತಿ ಸಂಜೆ ಅದನ್ನು ಗಂಡನ ಕೈಗೆ ಕೊಟ್ಟಿದ್ದರು.

ಆಚಾರ್ರು ಹೊರಗೆ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೂತೆ. ನಾನು ಕೇಳುವ ಮೊದಲೇ ಅವರೇ ಮಾತೆತ್ತಿದರು.

"ಒಂದು ಕಣ್ಣಲ್ಲಿ ಕಪ್ಪು ದಾರಗಳು ತೇಲ್ತವೆ. ಇನ್ನೊಂದರಲ್ಲಿ ನಡುವೆ ಹೊಗೆ. ನೆಟ್ಟಗಿನ ಗೆರೆ ಅಲೆ ಆಗುತ್ತೆ. ವಯಸ್ಸಾಯ್ತು ಅಂದ್ಕೊಂಡೆ. ಅವಳ ಕಾಲು ಮಾತ್ರ ಕಾಣುತ್ತೆ ಅಂತ ನಂಬಿದ್ದೆ ಡಾಕ್ಟ್ರಮ್ಮ. ನಿಜವಾಗ್ಲೂ. ಅಷ್ಟು ವರ್ಷದಿಂದ ನೋಡಿರೋ ಕಾಲು, ನೋಡ್ದೇನೇ ಕಾಣ್ತಿತ್ತು."

ಅಲ್ಲಿಯೇ ಬೆರಳು ಚುಚ್ಚಿ ರಕ್ತ ತೆಗೆದೆ. ನನ್ನ ಅನುಮಾನ ನಿಜವಾಯಿತು. ಅವರಿಗೂ ಸಕ್ಕರೆ ಕಾಯಿಲೆ, ಅದೂ ಇವತ್ತಿನದಲ್ಲ. ಹೆಂಡತಿಯ ಕಾಲಿನ ನರಗಳನ್ನು ತಿಂದದ್ದೇ ಗಂಡನ ಕಣ್ಣಿನ ಒಳಪರದೆಗೂ ಬಾಯಿ ಹಾಕಿತ್ತು. ಒಂದೇ ಮನೆಯಲ್ಲಿ, ಒಂದೇ ಕಾಯಿಲೆ, ಇಬ್ಬರಿಗೂ ನೋವಿಲ್ಲದೆ ಕೆಲಸ ಮಾಡಿತ್ತು.

"ನನ್ನಿಂದ ಅವಳ ಕಾಲು ಹೋಗುತ್ತಾ?"

"ಕಾಲು ಉಳಿಸೋಕೆ ನೋಡ್ತೀವಿ. ಬೆರಳಿನ ವಿಷಯ ಹೇಳೋಕಾಗಲ್ಲ."

ಅವರು ತಲೆಯಾಡಿಸಿದರು.

ಆ ದಿನವೇ ಇಬ್ಬರನ್ನೂ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎಕ್ಸ್‌ರೇಯಲ್ಲಿ ಬೆರಳಿನ ಮೂಳೆ ಹುಳು ತಿಂದ ಮರದ ಹಾಗೆ ಕಂಡಿತು. ಎರಡನೇ ಬೆರಳನ್ನೂ ಅದರ ಬುಡದ ಸೋಂಕಿನ ಮೂಳೆಯನ್ನೂ ತೆಗೆದರೆ ಪಾದ ಉಳಿಯಬಹುದು, ತಡ ಮಾಡಿದರೆ ಮೊಣಕಾಲಿನ ಕೆಳಗೆ ಕತ್ತರಿಸಬೇಕಾಗುತ್ತದೆ ಎಂದು ಶಸ್ತ್ರವೈದ್ಯರು ಹೇಳಿದರು. ಗೌರಮ್ಮ ಶಾಂತವಾಗಿ ಒಪ್ಪಿಗೆಯ ರುಜು ಹಾಕಿದರು. ಆದರೆ ದಾದಿ ಕಾಲುಂಗುರ ತೆಗೆಯಲು ಬಂದಾಗ ಕೈ ಅಡ್ಡ ಹಿಡಿದರು.

"ಅದನ್ನ ಇವರೇ ತೆಗೀಲಿ. ಹಾಕಿದೋರು ಇವರು."

ಊದಿದ ಬೆರಳಿನಿಂದ ಉಂಗುರ ಸುಲಭಕ್ಕೆ ಬರುವಂತಿರಲಿಲ್ಲ. ಸಣ್ಣ ಇಕ್ಕಳದಿಂದ ಕತ್ತರಿಸಬೇಕಾಯಿತು. ನಾನು ಇಕ್ಕಳವನ್ನು ಬೆಳ್ಳಿಯ ಮೇಲೆ ಇಟ್ಟುಕೊಟ್ಟೆ, ಆಚಾರ್ರು ಹಿಡಿಕೆಯನ್ನು ಅದುಮಿದರು. ಟಿಕ್ ಎಂದು ಸದ್ದಾಯಿತು. ತುಂಡಾದ ಉಂಗುರವನ್ನು ಅವರು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡರು. ಆಪರೇಷನ್ ಕೋಣೆಯ ಬಾಗಿಲು ಮತ್ತೆ ತೆರೆಯುವವರೆಗೂ ಆ ಮುಷ್ಟಿ ಬಿಚ್ಚಲಿಲ್ಲ.

ಬೆರಳು ಹೋಯಿತು, ಪಾದ ಉಳಿಯಿತು. ಮುಂದಿನದು ನಿಧಾನದ ಕೆಲಸ. ರಕ್ತನಾಳಕ್ಕೆ ಔಷಧಿ, ಗಾಯ ತೊಳೆಯುವುದು, ಭಾರ ಹಂಚಿಹೋಗುವ ಹಾಗೆ ಕಾಲಿಗೆ ಪ್ಲಾಸ್ಟರ್ ಅಚ್ಚು. ಅದೇ ಆಸ್ಪತ್ರೆಯ ಇನ್ನೊಂದು ಕಟ್ಟಡದಲ್ಲಿ ಆಚಾರ್ರ ಕಣ್ಣಿಗೆ ಲೇಸರ್ ಚಿಕಿತ್ಸೆ ನಡೆಯಿತು. ಹೋದ ದೃಷ್ಟಿ ಹೋಯಿತು. ಉಳಿದದ್ದನ್ನು ಹಿಡಿದು ನಿಲ್ಲಿಸಬಹುದು ಎಂದರು. ಒಂದು ಕಣ್ಣಿನಲ್ಲಿ ಬಾಗಿಲು, ಮೆಟ್ಟಿಲು, ಎದುರಿಗೆ ಬರುವ ಮನುಷ್ಯ ಕಾಣುವಷ್ಟು ಉಳಿಯಿತು. ಅಕ್ಷರ ಬರೆಯುವಷ್ಟು ಉಳಿಯಲಿಲ್ಲ.

ನಾನು ಒಂದು ರಜೆಯ ದಿನ ನೋಡಲು ಹೋದಾಗ ಆಚಾರ್ರು ಕಣ್ಣಿಗೆ ಕಟ್ಟು ಹಾಕಿಸಿಕೊಂಡೇ ಹೆಂಡತಿಯ ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ನಾನು ಅರೆತೆರೆದ ಪರದೆಯ ಈಚೆ ನಿಂತೆ.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ ನೀನು?" ಎಂದು ಅವರು ಕೇಳುತ್ತಿದ್ದರು.

"ನೀವ್ಯಾಕೆ ಹೇಳ್ಲಿಲ್ಲ?"

"ನೀನು ಹೆದರ್ತೀಯ ಅಂತ."

"ನೀವು ನೊಂದ್ಕೋತೀರ ಅಂತ."

ಆಮೇಲೆ ಗೌರಮ್ಮನ ದನಿ ಕೇಳಿಸಿತು. "ಇನ್ಮೇಲೆ ಕಾಣ್ದಿದ್ರೆ ಕಾಣ್ಲಿಲ್ಲ ಅನ್ನಿ. ನಾನೂ ಮಿಷಿನ್ ತುಳಿದ್ರೆ ತುಳಿದೆ ಅಂತೀನಿ. ಅಷ್ಟು ಸಾಕು ನಮಗೆ." ಆಚಾರ್ರು ಹೂಂಗುಟ್ಟಿ ಕೈ ಚಾಚಿದರು. ಗೌರಮ್ಮ ನೀರಿನ ಲೋಟ ಅವರ ಕೈಗಿತ್ತರು. ನಾನು ಪರದೆ ಸರಿಸದೆ, ಕಾರಿಡಾರಿನಲ್ಲಿ ಒಂದು ಸುತ್ತು ಹಾಕಿ ಬಂದೆ.

ಊರಿಗೆ ಮರಳಿದ ಮೇಲೆ ಪಡಸಾಲೆಯ ಗೋಡೆಗೆ ಒರಗಿದಂತೆ ನೆಲದ ಮೇಲೆ ಒಂದು ಕನ್ನಡಿ ಬಂತು. ಗೌರಮ್ಮ ಕುರ್ಚಿಯಲ್ಲಿ ಕೂತು, ಅದರ ಮುಂದೆ ಒಂದೊಂದೇ ಪಾದ ಎತ್ತಿ ತಮ್ಮ ಅಂಗಾಲನ್ನು ತಾವೇ ನೋಡಿಕೊಳ್ಳುವುದನ್ನು ಕಲಿತರು. ಹೊಲಿಗೆ ಯಂತ್ರಕ್ಕೆ ಕೈಯಿಂದ ತಿರುಗಿಸುವ ಹಿಡಿ ಹಾಕಿಸಿದರು. ತಿರುಗಿಸುವುದು ಆಚಾರ್ರ ಕೆಲಸ, ಬಟ್ಟೆ ಹಿಡಿಯುವುದು ಗೌರಮ್ಮನ ಕೆಲಸ. "ಜೋರಾಯ್ತು", "ನಿಲ್ಲಿಸಿ", "ಹಾಂ, ಈಗ ಬಿಡಿ" ಎನ್ನುವ ಮಾತು ಬೀದಿಗೆಲ್ಲ ಕೇಳುತ್ತಿತ್ತು. ಕಾಲುಂಗುರಕ್ಕೆ ಬೆಸುಗೆ ಹಾಕಿಸಿಕೊಂಡು ಪಕ್ಕದ ಬೆರಳಿಗೆ ಹಾಕಿಕೊಳ್ಳಲೇ ಎಂದು ಗೌರಮ್ಮ ಕೇಳಿದರು. ಬೇಡ, ಬಿಗಿಯಾದದ್ದು ಯಾವುದೂ ಆ ಪಾದಗಳಿಗೆ ಬೇಡ ಎಂದೆ. ಅವರು ವಾದಿಸಲಿಲ್ಲ. ಮುಂದಿನ ಸಲ ಬಂದಾಗ ಅದನ್ನು ತಾಳಿಯ ಪಕ್ಕದಲ್ಲಿ ಅರಿಶಿನ ದಾರಕ್ಕೆ ಪೋಣಿಸಿಕೊಂಡಿದ್ದರು.

ನನಗೆ ವರ್ಗವಾಗಿ ಆ ಊರು ಬಿಡುವ ಮುಂಚೆ ಸಲೋಮಿಯ ತಂಗಿಯ ಮದುವೆಯ ಆರತಕ್ಷತೆ ನಡೆಯಿತು. ಮದುಮಗಳ ರವಿಕೆ ಗೌರಮ್ಮ ಹೊಲಿದದ್ದೇ. ದಪ್ಪ ಕಾಲುಚೀಲ ಹಾಕಿಕೊಂಡು ಅವರು ಪಂಕ್ತಿಯಲ್ಲಿ ಕೂತು ಉಂಡರು, ಸಿಹಿ ಬಡಿಸಲು ಬಂದವರಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದರು. ನಾನು ಕೈ ತೊಳೆದು ಹೊರಬಂದಾಗ ಛತ್ರದ ಮೆಟ್ಟಿಲ ಮುಂದೆ ಚಪ್ಪಲಿಗಳ ರಾಶಿ, ಅವುಗಳ ನಡುವೆ ಮಕ್ಕಳ ಓಟ, ಹೊರಡುವವರ ಗಡಿಬಿಡಿ.

ಕೆಳಗಿನ ಮೆಟ್ಟಿಲಿನಲ್ಲಿ ಆಚಾರ್ರು ಕೂತಿದ್ದರು. ತೊಡೆಯ ಮೇಲೆ ಗೌರಮ್ಮನ ಬೂಟು, ಅವರ ಪಾದದ ಅಳತೆಗೆಂದೇ ಮೆತ್ತನೆಯ ಅಟ್ಟೆ ಹಾಕಿ ಮಾಡಿಸಿದ್ದು. ಆಚಾರ್ರ ಕೈ ಮಣಿಕಟ್ಟಿನವರೆಗೂ ಅದರೊಳಗಿತ್ತು. ಮುಖ ಎತ್ತಲೋ ಇತ್ತು. ಎಲ್ಲ ನೋಟವೂ ಬೆರಳ ತುದಿಗೆ ಇಳಿದಂತಿತ್ತು. ಹಿಮ್ಮಡಿಯಿಂದ ತುದಿಯವರೆಗೆ, ಅಂಚಿನ ಹೊಲಿಗೆಯುದ್ದಕ್ಕೂ, ಮೂಲೆ ಮೂಲೆಯನ್ನೂ ಸವರುತ್ತಿದ್ದರು. ಒಂದು ಕಡೆ ಬೆರಳು ನಿಂತಿತು. ಹುಡುಕಿ ಹೊರತೆಗೆದರು. ಒಂದು ಅಕ್ಕಿಕಾಳು. ಅದನ್ನು ಪಕ್ಕಕ್ಕೆ ಚಿಮ್ಮಿ, ಮತ್ತೆ ಕೈಯನ್ನು ಒಳಗೆ ಬಿಟ್ಟರು.

ಹಿಂದಿನವರು ದಾರಿಗಾಗಿ ಕಾಯುತ್ತಿದ್ದರು. ಗೌರಮ್ಮ ಗಂಡನ ಭುಜದ ಮೇಲೆ ಕೈಯೂರಿ, ಅವಸರವಿಲ್ಲದೆ ನಿಂತಿದ್ದರು.